ಹಳೇ ಕಂಪ್ಯೂಟರ್‌ನಿಂದ ಹೊಸದಕ್ಕೆ ಇಮೇಲು, ಕಾಂಟ್ಯಾಕ್ಟು, ಫೈಲು ದಾಟಿಸೋದು: ದೊಡ್ಡಪ್ಪನ ತೋಟದ ಆಫೀಸಲ್ಲಿ ಮೂರು ದಿನ ಕೂತು ಮಾಡಿದ್ದು

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪ ಕೊನೆಗೂ ಹೊಸ ಲ್ಯಾಪ್‌ಟಾಪ್ ತಗೊಂಡ್ರು. ಆಲ್ದೂರು ಕಡೆ ಅವರ ಕಾಫಿ ತೋಟ, ಮನೆ ಪಕ್ಕದಲ್ಲೇ ಆಫೀಸು ಅಂತ ಒಂದು ರೂಮು, ಅದ್ರಲ್ಲಿ 2010ರಲ್ಲಿ ತಂದ ಡೆಸ್ಕ್‌ಟಾಪು, ವಿಂಡೋಸ್ 7, ಮೇಲ್ ನೋಡೋಕೆ ಔಟ್‌ಲುಕ್ 2007 ಅನ್ನೋ ಪ್ರೋಗ್ರಾಂ. ಪೇಟೆಯ ಒಂದು ಅಂಗಡಿ ಹುಡುಗ ಹಳೇದು ಹೊಸದು ಎರಡನ್ನೂ ಒಂದು ಮಧ್ಯಾಹ್ನ ಇಟ್ಕೊಂಡು "ಎಲ್ಲಾ ಹಾಕಿದೀನಿ ಸಾರ್" ಅಂತ ವಾಪಸ್ ಕೊಟ್ಟಿದ್ದಾನೆ, ಮನೆಗೆ ತಂದು ತೆಗೆದು ನೋಡಿದ್ರೆ ಫೋಟೋ ಇದೆ, ಪಿಡಿಎಫ್ ಇದೆ, ಹದಿನೈದು ವರ್ಷದ ಮೇಲು ಒಂದೂ ಇಲ್ಲ. "ಎಂತ ಮಾರಾಯ ಇದು, ಕ್ಯೂರಿಂಗ್ ವರ್ಕ್ಸ್‌ನೋರ ಮೇಲೆಲ್ಲ ಎಲ್ಲಿ ಹೋಯ್ತು" ಅಂತ ನಂಗೆ ಫೋನು (ಕ್ಯೂರಿಂಗ್ ವರ್ಕ್ಸ್ ಅಂದ್ರೆ ಕಾಫಿ ಹದ ಮಾಡೋ ಕಾರ್ಖಾನೆ). ಪುಣ್ಯಕ್ಕೆ ಹಳೇ ಡಿಸ್ಕನ್ನ ಫಾರ್ಮ್ಯಾಟ್ ಹೊಡೆದಿರ್ಲಿಲ್ಲ.

ಹುಡುಗನ್ನ ಪೂರ್ತಿ ಬೈಯೋಕೂ ಆಗಲ್ಲ ಬಿಡಿ. ಡಾಕ್ಯುಮೆಂಟ್ಸು, ಡೆಸ್ಕ್‌ಟಾಪು, ಡಿ ಡ್ರೈವು ಮೂರನ್ನೂ ನೀಟಾಗಿ ಕಾಪಿ ಮಾಡಿದ್ದ. ಆದ್ರೆ ನಮಗೆ ಬೇಕಾದ ಸಾಮಾನು ಅರ್ಧಕ್ಕರ್ಧ ಈ ಮೂರು ಜಾಗದಲ್ಲಿ ಇರೋದೇ ಇಲ್ಲ. ಕಾಪಿ ಹೊಡೆಯೋದು ಯಾರಿಗಾದ್ರೂ ಬರುತ್ತೆ, ಯಾವುದು ಎಲ್ಲಿ ಅಡಗಿ ಕೂತಿದೆ ಅಂತ ಹುಡುಕೋದೇ ಇದ್ರಲ್ಲಿ ಕೆಲಸ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತೋಗಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಂಗಾಗಿ ನಮ್ ಕಡೆ ಸುಮಾರು ಜನ ಈಗ ಹೊಸ ಸಿಸ್ಟಂ ತಗೊಳ್ತಿದಾರೆ, ಅವರಿಗೆ ಉಪಯೋಗ ಆಗ್ಲಿ ಅಂತ ನಾನು ಮಾಡಿದ ಕ್ರಮದಲ್ಲೇ ಬರೀತಿದೀನಿ.

ಕಂಪ್ಯೂಟರ್ ಮುಟ್ಟೋಕ್ ಮುಂಚೆ ಒಂದು ಪೇಪರು

ಆ ಕಂಪ್ಯೂಟರನ್ನ ದಿನಾ ಬಳಸೋರನ್ನ ಪಕ್ಕದಲ್ಲಿ ಕೂರಿಸ್ಕೊಳಿ. "ನಿಮಗೇನೇನು ಬೇಕು" ಅಂತ ಕೇಳಿದ್ರೆ "ಎಲ್ಲಾ ಬೇಕು" ಅಂತಾರೆ, ಅದ್ರಿಂದ ಏನೂ ಗೊತ್ತಾಗಲ್ಲ. ಬದ್ಲಿಗೆ ವರ್ಷ ಪೂರ್ತಿ ಏನೇನು ಕೆಲಸ ಮಾಡ್ತೀರಿ ಹೇಳಿ ಅನ್ನಿ. ದೊಡ್ಡಪ್ಪ ಹೇಳ್ತಾ ಹೋದ್ರು: ಬೆಳಿಗ್ಗೆ ಎದ್ದು ಮಳೆ ಎಷ್ಟು ಇಂಚು ಎಷ್ಟು ಸೆಂಟು ಅಂತ ಎಕ್ಸೆಲ್‌ನಲ್ಲಿ ಹಾಕೋದು, ವಾರಕ್ಕೊಂದ್ಸಲ ತೋಟದ ರೈಟರ್ ಬಂದು ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ತುಂಬೋದು, ಕುಯ್ಲು ಟೈಮಲ್ಲಿ ಪಾರ್ಚ್‌ಮೆಂಟು ಚೆರಿ (ಎರಡು ಥರ ಒಣಗಿಸಿದ ಕಾಫಿ) ಎಷ್ಟು ಮೂಟೆ ಹೋಯ್ತು ಅನ್ನೋ ಶೀಟು, ಪಂಚಾಯ್ತಿಗೆ ಬರೆದ ಅರ್ಜಿಗಳು ನುಡಿಯಲ್ಲಿ, ಟ್ಯಾಲಿ, ಪಹಣಿ ಸ್ಕ್ಯಾನು, ಆಡಿಟರಿಗೆ ಕಳಿಸೋ ಮೇಲು, ಹೋಮ್‌ಸ್ಟೇ ಬುಕಿಂಗ್ ಮೇಲು. ಇದರಲ್ಲಿ ಎಷ್ಟೋ ವರ್ಷಕ್ಕೊಂದೇ ಸಲ ತೆಗೆಯೋ ಫೈಲು, ಅವೇ ಮರೆತು ಹೋಗೋದು.

ಆಮೇಲೆ ಹಳೇ ಕಂಪ್ಯೂಟರ್‌ನಲ್ಲಿ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಹಿಡನ್ ಫೈಲ್ ಕಾಣೋ ಹಾಗೆ ಮಾಡಿ, ಫೈಲ್ ಎಕ್ಸ್‌ಟೆನ್ಷನ್ನೂ ಕಾಣೋ ಹಾಗೆ ಮಾಡಿ. ಸಿ ಡ್ರೈವಲ್ಲಿ ಒಂದು ಸಲ, ಡಿ ಡ್ರೈವಲ್ಲಿ ಒಂದು ಸಲ, ಪಿಎಸ್‌ಟಿ ಅಂತ ಮುಗಿಯೋ ಫೈಲು (ಔಟ್‌ಲುಕ್ ಮೇಲ್ ತುಂಬಿಡೋದು ಇದ್ರಲ್ಲೇ), ಎಕ್ಸ್‌ಎಲ್‌ಎಸ್ ಫೈಲು, ಡಾಕ್ ಫೈಲು ಇವನ್ನ ಸರ್ಚ್ ಕೊಟ್ಟು ಯಾವ ಫೋಲ್ಡರ್‌ನಲ್ಲಿ ಸಿಕ್ತು ಅಂತ ಬರ್ಕೊಳಿ. ನಮ್ಮ ಮಳೆ ಲೆಕ್ಕ ಸಿಕ್ಕಿದ್ದು ಸಿ ಡ್ರೈವಲ್ಲಿ ಸೀದಾ ಮೇಲ್ಗಡೆ 'ನ್ಯೂ ಫೋಲ್ಡರ್ 3' ಅನ್ನೋದರ ಒಳಗೆ. ಯಾಕೆ ಅಲ್ಲಿಟ್ರಿ ಅಂದ್ರೆ "ಅಲ್ಲಿದ್ರೆ ಯಾರೂ ಡಿಲೀಟ್ ಮಾಡಲ್ಲ" ಅಂದ್ರು!

ಮೇಲ್ ನಿಜವಾಗ್ಲೂ ಎಲ್ಲಿದೆ?

ಇದೇ ಮುಖ್ಯ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಮೇಲ್ ಪ್ರೋಗ್ರಾಂಗಳು ಎರಡು ಥರ ಕೆಲಸ ಮಾಡ್ತವೆ. ಪಾಪ್ ಅಂದ್ರೆ ಪೋಸ್ಟಾಫೀಸಿಗೆ ಹೋಗಿ ನಮ್ಮ ಕಾಗದ ಎಲ್ಲಾ ಚೀಲಕ್ಕೆ ತುಂಬ್ಕೊಂಡು ಮನೆಗೆ ತಂದುಬಿಡೋದು, ಅಲ್ಲಿ ಏನೂ ಉಳಿಯಲ್ಲ, ಇಷ್ಟು ದಿನ ಉಳಿಸ್ಕೋ ಅಂತ ಸೆಟ್ಟಿಂಗ್ ಮಾಡಿದ್ರೆ ಮಾತ್ರ ಉಳಿಯುತ್ತೆ. ಐಮ್ಯಾಪ್ ಅಂದ್ರೆ ಕಾಗದ ಪೋಸ್ಟಾಫೀಸಲ್ಲೇ ಇರುತ್ತೆ, ಮನೇಲಿ ನಾವು ನೋಡೋದು ಅದರ ಕಾಪಿ. ಐಮ್ಯಾಪ್ ಆಗಿದ್ರೆ ಹೊಸ ಲ್ಯಾಪ್‌ಟಾಪಲ್ಲಿ ಮೇಲ್ ಐಡಿ ಪಾಸ್‌ವರ್ಡ್ ಹಾಕಿದ್ರೆ ಹಳೇ ಮೇಲೆಲ್ಲ ತಾನಾಗೇ ಇಳಿಯುತ್ತೆ. ಪಾಪ್ ಆಗಿದ್ರೆ ಆ ಹಳೇ ಡಬ್ಬವೇ ಗತಿ.

ನೋಡೋದು ಸುಲಭ. ಔಟ್‌ಲುಕ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆಗೆದ್ರೆ ಅಕೌಂಟ್ ಹೆಸರಿನ ಮುಂದೆ ಟೈಪ್ ಅಂತ ಒಂದು ಕಾಲಂ, ಅಲ್ಲಿ ಪಾಪ್ ಅಂತನೋ ಐಮ್ಯಾಪ್ ಅಂತನೋ ಬರ್ದಿರುತ್ತೆ. ಇನ್ನೊಂದು ಪರೀಕ್ಷೆ, ಫೋನಲ್ಲಿ ಬ್ರೌಸರ್ ತೆಗೆದು ಅದೇ ಮೇಲ್‌ಗೆ ಲಾಗಿನ್ ಆಗಿ ಐದು ವರ್ಷದ ಹಿಂದಿನ ಒಂದು ಮೇಲ್ ಹುಡುಕಿ. ಸಿಕ್ಕಿದ್ರೆ ಅರ್ಧ ತಲೆನೋವು ಹೋಯ್ತು. ದೊಡ್ಡಪ್ಪನದು ಪಾಪ್, ಸರ್ವರ್‌ನಲ್ಲಿ ಬರೀ ಹದಿನಾಲ್ಕು ದಿನದ ಮೇಲು.

ಪಾಪ್ ಅಂತ ಗೊತ್ತಾದ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ, ಇದನ್ನ ಯಾರೂ ಹೇಳಲ್ಲ. ಹಳೇ ಕಂಪ್ಯೂಟರ್‌ನ ನೆಟ್ ಕೇಬಲ್ ಕಿತ್ತಿಡಿ. ಇಲ್ಲಾಂದ್ರೆ ಎರಡೂ ಕಡೆ ಔಟ್‌ಲುಕ್ ಓಡ್ತಾ ಇರುತ್ತೆ, ಸೋಮವಾರದ ಮೇಲು ಅದು ಎಳ್ಕೊಳುತ್ತೆ, ಮಂಗಳವಾರದ್ದು ಇದು ಎಳ್ಕೊಳುತ್ತೆ, ಕೊನೆಗೆ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿ ಕೂರುತ್ತೆ.

ಔಟ್‌ಲುಕ್‌ನಲ್ಲಿ ಪಾಪ್ ಮೇಲು, ಕಾಂಟ್ಯಾಕ್ಟು, ಕ್ಯಾಲೆಂಡರ್ರು ಎಲ್ಲಾ ಒಂದೇ ಪಿಎಸ್‌ಟಿ ಫೈಲಲ್ಲಿರುತ್ತೆ. 2010 ಮತ್ತು ಅದರ ಮೇಲಿನ ಔಟ್‌ಲುಕ್ ಆದ್ರೆ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗೆ ಔಟ್‌ಲುಕ್ ಫೈಲ್ಸ್ ಅನ್ನೋ ಫೋಲ್ಡರ್. 2007 ಆದ್ರೆ ಯೂಸರ್ ಫೋಲ್ಡರ್ ಒಳಗೆ ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ಔಟ್‌ಲುಕ್. ಆಪ್‌ಡೇಟಾ ಹಿಡನ್ ಆಗಿರುತ್ತೆ, ಅಂಗಡಿ ಹುಡುಗ ಎಡವಿದ್ದು ಇಲ್ಲೇ. ಇಷ್ಟು ದೂರ ನಡೆಯೋದು ಬೇಡ ಅಂದ್ರೆ ಔಟ್‌ಲುಕ್‌ನಲ್ಲೇ ಅಕೌಂಟ್ ಸೆಟ್ಟಿಂಗ್ಸ್, ಡೇಟಾ ಫೈಲ್ಸ್ ಟ್ಯಾಬ್, ಓಪನ್ ಫೋಲ್ಡರ್ ಒತ್ತಿ, ಸೀದಾ ಅಲ್ಲಿಗೇ ಕರ್ಕೊಂಡು ಹೋಗುತ್ತೆ.

ಅಲ್ಲಿ ಒಂದೇ ಪಿಎಸ್‌ಟಿ ಇರುತ್ತೆ ಅನ್ಕೋಬೇಡಿ. ಆರ್ಕೈವ್ ಅನ್ನೋ ಇನ್ನೊಂದು ಇರಬಹುದು. ಹಳೇ ಔಟ್‌ಲುಕ್ ಆಗಾಗ "ಹಳೇ ಐಟಂ ಆರ್ಕೈವ್ ಮಾಡ್ಲಾ" ಅಂತ ಕೇಳ್ತಿತ್ತು, ನಾವು ಏನು ಅಂತ ಓದದೇ ಯೆಸ್ ಒತ್ತಿರ್ತೀವಿ, ಅದು ಆರು ತಿಂಗಳಿಗಿಂತ ಹಳೇದನ್ನೆಲ್ಲ ಆ ಫೈಲಿಗೆ ಸಾಗಿಸಿರುತ್ತೆ. ನಮ್ಮಲ್ಲಿ ಮುಖ್ಯ ಫೈಲು ಸಣ್ಣದು, ಆರ್ಕೈವೇ ಆರು ಜಿಬಿ. ಮೊದಲ್ನೇದನ್ನ ಮಾತ್ರ ತಂದಿದ್ರೆ ಇತ್ತೀಚಿನ ಮೇಲು ಕಂಡು "ಬಂತು ಬಂತು" ಅಂತ ಖುಷಿಪಟ್ಟು ಹಳೇದನ್ನ ಕಳ್ಕೊಂಡಿರ್ತಿದ್ವಿ. ಓಎಸ್‌ಟಿ ಅಂತ ಮುಗಿಯೋ ಫೈಲಿದ್ರೆ ಅದು ಐಮ್ಯಾಪ್ ಅಥವಾ ಎಕ್ಸ್‌ಚೇಂಜ್ (ಕಂಪನಿಗಳು ಬಳಸೋ ಮೈಕ್ರೋಸಾಫ್ಟ್ ಮೇಲ್ ಸರ್ವರ್) ಅಕೌಂಟಿನ ಕಾಪಿ, ಅದನ್ನ ತಂದು ಹೊಸದರಲ್ಲಿ ತೆಗೀತೀನಿ ಅಂದ್ರೆ ಆಗಲ್ಲ, ತರೋ ಅಗತ್ಯಾನೂ ಇಲ್ಲ.

ಕಾಪಿ ಮಾಡೋಕ್ ಮುಂಚೆ ಔಟ್‌ಲುಕ್ ಪೂರ್ತಿ ಕ್ಲೋಸ್ ಆಗಿರ್ಬೇಕು. ಫೈಲು ಎರಡು ಜಿಬಿ ಹತ್ರ ಬಂದು ನಿಂತಿದ್ರೆ ಹುಷಾರು, 2002ರವರೆಗಿನ ಔಟ್‌ಲುಕ್‌ನ ಪಿಎಸ್‌ಟಿಗೆ ಎರಡು ಜಿಬಿನೇ ಮಿತಿ, ಅದು ತುಂಬಿದ್ರೆ ಫೈಲು ಕೆಡ್ತಿತ್ತು. ಸ್ಕ್ಯಾನ್‌ಪಿಎಸ್‌ಟಿ ಅಂತ ಆಫೀಸ್ ಜೊತೆ ಬರೋ ರಿಪೇರಿ ಪ್ರೋಗ್ರಾಂ ಇದೆ, ಅದನ್ನ ಓಡಿಸೋದಾದ್ರೆ ಕಾಪಿ ಮೇಲೆ ಓಡಿಸಿ, ಅಸಲು ಫೈಲ್ ಮೇಲೆ ಪ್ರಯೋಗ ಬೇಡ.

ಪಿಎಸ್‌ಟಿ ತಂದ್ರೆ ಮೇಲು ಬರುತ್ತೆ, ಅಕೌಂಟ್ ಸೆಟ್ಟಿಂಗು ಪಾಸ್‌ವರ್ಡು ಬರಲ್ಲ. ಹಾಗಾಗಿ ಹಳೇದರಲ್ಲಿ ಅಕೌಂಟ್ ಸೆಟ್ಟಿಂಗ್ಸ್‌ನ ಒಂದೊಂದು ಪೇಜನ್ನೂ ಫೋನಲ್ಲಿ ಫೋಟೋ ಹೊಡ್ಕೊಳಿ, ಇನ್‌ಕಮಿಂಗ್ ಸರ್ವರ್, ಔಟ್‌ಗೋಯಿಂಗ್ ಸರ್ವರ್, ಅಡ್ವಾನ್ಸ್ಡ್ ಒಳಗಿನ ಪೋರ್ಟ್ ನಂಬರ್ರು ಎಲ್ಲಾ. ಈಗಿನ ಕಾಲದಲ್ಲಿ ಪಾಪ್‌ಗೆ ಸಾಮಾನ್ಯವಾಗಿ 995, ಕಳಿಸೋಕೆ 465 ಇಲ್ಲಾ 587. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುತ್ತೆ. ಹದಿನೈದು ವರ್ಷದ ಹಿಂದೆ ಹಾಕಿದ ಪಾಸ್‌ವರ್ಡ್ ದೊಡ್ಡಪ್ಪನಿಗೆ ನೆನಪಿದ್ರೆ ತಾನೇ, ಅದನ್ನ ರೀಸೆಟ್ ಮಾಡಿಸೋಕೇ ಒಂದು ದಿನ ಹೋಯ್ತು.

ಹೊಸದರಲ್ಲಿ ಪಿಎಸ್‌ಟಿಯನ್ನ ಮೊದಲು ಲ್ಯಾಪ್‌ಟಾಪ್ ಡಿಸ್ಕಿಗೆ ಹಾಕ್ಕೊಳಿ, ಪೆನ್‌ಡ್ರೈವಲ್ಲಿಟ್ಟು ಅಲ್ಲಿಂದಲೇ ತೆಗೆಯೋದು, ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗ) ಫೋಲ್ಡರ್‌ನಲ್ಲಿಡೋದು ಎರಡೂ ಬೇಡ. ಆಮೇಲೆ ಆಫೀಸ್ ಜೊತೆ ಬರೋ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಫೈಲ್, ಓಪನ್ ಅಂಡ್ ಎಕ್ಸ್‌ಪೋರ್ಟ್, ಓಪನ್ ಔಟ್‌ಲುಕ್ ಡೇಟಾ ಫೈಲ್. ಅಷ್ಟೇ, ಎಡಗಡೆ ಹಳೇ ಫೋಲ್ಡರೆಲ್ಲ ಬಂದು ಕೂರುತ್ತೆ. ವಿಂಡೋಸ್ 11 ಜೊತೆ ಫ್ರೀಯಾಗಿ ಬರೋ 'ಹೊಸ ಔಟ್‌ಲುಕ್' ಹೆಸರಿಗೆ ಔಟ್‌ಲುಕ್ಕೇ ಆದ್ರೂ ಬೇರೆಯದೇ ಪ್ರೋಗ್ರಾಂ, ಪಿಎಸ್‌ಟಿ ವಿಷಯದಲ್ಲಿ ನಾನಂತೂ ಅದನ್ನ ನೆಚ್ಕೊಳಲ್ಲ. ಇನ್ಮೇಲೆ ಈ ಗೋಳೇ ಬೇಡ ಅನ್ನೋರು ಅದೇ ಕ್ಲಾಸಿಕ್ ಔಟ್‌ಲುಕ್‌ಗೆ ಒಂದು ಜಿಮೇಲ್ ಅಕೌಂಟ್ ಸೇರಿಸಿ ಹಳೇ ಫೋಲ್ಡರ್‌ನ ಮೇಲು ಸ್ವಲ್ಪ ಸ್ವಲ್ಪ ಅದಕ್ಕೆ ಎಳೆದು ಹಾಕಬಹುದು, ಆದ್ರೆ ಜಿಮೇಲ್‌ನ ಫ್ರೀ 15 ಜಿಬಿಯಲ್ಲಿ ಡ್ರೈವು, ಫೋಟೋಸು ಎರಡೂ ಸೇರಿರುತ್ತೆ ನೆನಪಿರ್ಲಿ, ಮತ್ತೆ ಮಳೆಗಾಲದ ನಮ್ ನೆಟ್ಟಲ್ಲಿ ಆರು ಜಿಬಿ ಅಪ್‌ಲೋಡ್ ಅಂದ್ರೆ ಅಡಿಕೆ ಒಣಗೋ ತನಕ ಕಾಯ್ಬೇಕು.

ಥಂಡರ್‌ಬರ್ಡ್ ಅನ್ನೋ ಇನ್ನೊಂದು ಮೇಲ್ ಪ್ರೋಗ್ರಾಂ ಬಳಸೋರಿಗೆ ಇಷ್ಟು ಕಷ್ಟ ಇಲ್ಲ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ಪೇಜಲ್ಲಿ ಪ್ರೊಫೈಲ್ ಫೋಲ್ಡರ್ ಓಪನ್ ಮಾಡೋ ಬಟನ್ ಇದೆ. ಥಂಡರ್‌ಬರ್ಡ್ ಮುಚ್ಚಿ ಆ ಇಡೀ ಫೋಲ್ಡರ್ ಎತ್ಕೊಂಡು ಬಂದ್ರೆ ಮೇಲು, ವಿಳಾಸ, ಪಾಸ್‌ವರ್ಡು, ಸೆಟ್ಟಿಂಗು ಎಲ್ಲಾ ಒಟ್ಟಿಗೇ ಬಂದ್ಬಿಡುತ್ತೆ.

ಕಾಂಟ್ಯಾಕ್ಟು: 'ರಾ' ಅಂದ್ರೆ ಬರ್ತಿದ್ದ ಹೆಸರು ಎಲ್ಲಿ?

ಮೇಲೆಲ್ಲ ಬಂತು ಅಂತ ನಾನು ಕಾಫಿ ಕುಡೀತಾ ಕೂತಿದ್ದೆ, ದೊಡ್ಡಪ್ಪ ಕರೆದ್ರು. "ಹಳೇದರಲ್ಲಿ ರಾ ಅಂತ ಹೊಡೆದ್ರೆ ಆಡಿಟರ್ ಹೆಸರು ಬರ್ತಿತ್ತು, ಇದರಲ್ಲಿ ಬರ್ತಿಲ್ವಲ್ಲ." ಕಾಂಟ್ಯಾಕ್ಟ್ಸ್ ತೆಗೆದು ನೋಡಿದ್ರೆ ಅಲ್ಲಿರೋದೇ ಇಪ್ಪತ್ತು ಹೆಸರು. ಅವರು ಜೀವಮಾನದಲ್ಲಿ ಅಷ್ಟು ಬಿಟ್ರೆ ಒಬ್ಬರನ್ನೂ ಸೇವ್ ಮಾಡಿಲ್ಲ, ಔಟ್‌ಲುಕ್ ತಾನೇ ನೆನಪಿಟ್ಕೊಂಡು ತೋರಿಸ್ತಿದ್ದ ಪಟ್ಟಿಯನ್ನೇ ಕಾಂಟ್ಯಾಕ್ಟ್ ಅನ್ಕೊಂಡಿದಾರೆ. ಆ ಪಟ್ಟಿ ಬೇರೆ, ಕಾಂಟ್ಯಾಕ್ಟ್ಸ್ ಬೇರೆ. ಔಟ್‌ಲುಕ್ 2007ರಲ್ಲಿ ಅದು ಎನ್‌ಕೆ2 ಅನ್ನೋ ಪ್ರತ್ಯೇಕ ಫೈಲು, ಆಪ್‌ಡೇಟಾ ಒಳಗೆ ರೋಮಿಂಗ್ ಅನ್ನೋ ಕಡೆ ಇರುತ್ತೆ, ಪಿಎಸ್‌ಟಿ ಜೊತೆ ಬರಲ್ಲ. ಅದನ್ನ ಆಮೇಲಿನ ಕ್ಲಾಸಿಕ್ ಔಟ್‌ಲುಕ್‌ಗಳಿಗೆ ಹತ್ತಿಸೋ ದಾರಿ ಇದೆ, ಆದ್ರೆ ಗುದ್ದಾಟ ಜಾಸ್ತಿ. ನಾನು ಮಾಡಿದ್ದು ಹಳ್ಳಿ ಉಪಾಯ: ಸೆಂಟ್ ಐಟಮ್ಸ್ ತೆಗೆದು 'ಟು' ಕಾಲಂ ಮೇಲೆ ಕ್ಲಿಕ್ ಮಾಡಿ ಹೆಸರಿನ ಪ್ರಕಾರ ಜೋಡಿಸಿ, ಒಬ್ಬೊಬ್ಬರ ಒಂದೊಂದು ಮೇಲ್ ತೆಗೆದು ವಿಳಾಸದ ಮೇಲೆ ರೈಟ್ ಕ್ಲಿಕ್, ಆಡ್ ಟು ಔಟ್‌ಲುಕ್ ಕಾಂಟ್ಯಾಕ್ಟ್ಸ್. ಒಂದು ಗಂಟೆ ಹಿಡೀತು, ಆದ್ರೆ ದೊಡ್ಡಪ್ಪ ಪಕ್ಕದಲ್ಲೇ ಕೂತು "ಇವರು ತೀರ್ಕೊಂಡ್ರು, ಇವರು ಕಾಫಿ ವ್ಯಾಪಾರ ಬಿಟ್ರು, ಇವರು ಬೇಕು" ಅಂತ ಹೇಳ್ತಾ ಹೋದ್ರು, ಪಟ್ಟಿ ಶುದ್ಧ ಆಯ್ತು.

ಕಾಂಟ್ಯಾಕ್ಟನ್ನ ಜಿಮೇಲ್‌ಗೋ ಫೋನಿಗೋ ತಗೊಂಡು ಹೋಗ್ಬೇಕು ಅಂದ್ರೆ ಎಕ್ಸ್‌ಪೋರ್ಟ್‌ನಲ್ಲಿ ಕಾಮಾ ಸೆಪರೇಟೆಡ್ ವ್ಯಾಲ್ಯೂಸ್ ಅಂದ್ರೆ ಸಿಎಸ್‌ವಿ ಆರಿಸಿ. ಇಲ್ಲಿ ಎರಡು ಗುಂಡಿ ಇದೆ. ಹಳೇ ಔಟ್‌ಲುಕ್ ಸಿಎಸ್‌ವಿ ಮಾಡುವಾಗ ಕನ್ನಡದಲ್ಲಿ ಬರೆದ ಹೆಸರನ್ನ ಬರೀ ಪ್ರಶ್ನೆ ಚಿಹ್ನೆ ಮಾಡಿಬಿಡುತ್ತೆ, ಅಂಥ ಹೆಸರಿದ್ರೆ ಮೊದಲು ಪಿಎಸ್‌ಟಿ ಮೂಲಕ ಹೊಸದಕ್ಕೆ ತನ್ನಿ, ಮಿಕ್ಕಿದ್ದು ಆಮೇಲೆ. ಎರಡನೇದು ಎಕ್ಸೆಲ್‌ನ ಕಿತಾಪತಿ. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಿ ತೆಗೆದ್ರೆ 91 ಸೇರಿಸಿ ಬರೆದ ಹನ್ನೆರಡು ಅಂಕಿಯ ಮೊಬೈಲ್ ನಂಬರ್ರು 9.19ಇ+11 ಅಂತ ಕಾಣುತ್ತೆ, ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಮಾಯ ಆಗುತ್ತೆ (ನಮ್ಮ ಚಿಕ್ಕಮಗಳೂರಿನ 08262 ಇದ್ದಿದ್ದು 8262 ಆಗುತ್ತೆ), ಹಾಗೇ ಸೇವ್ ಕೊಟ್ರೆ ನಂಬರ್ ನಿಜವಾಗ್ಲೂ ಹೋಯ್ತು. ನೋಡ್ಲೇಬೇಕು ಅಂದ್ರೆ ನೋಟ್‌ಪ್ಯಾಡಲ್ಲಿ ನೋಡಿ. ತಿದ್ದಲೇಬೇಕು ಅಂದ್ರೆ ಎಕ್ಸೆಲ್‌ನ ಡೇಟಾ ಮೆನುವಿಂದ ಇಂಪೋರ್ಟ್ ಮಾಡಿ, ಎನ್‌ಕೋಡಿಂಗ್ ಯುಟಿಎಫ್-8 ಕೊಟ್ಟು, ಫೋನ್ ಕಾಲಂನ ಟೆಕ್ಸ್ಟ್ ಅಂತ ಮಾಡ್ಕೊಳಿ.

ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಹೋಗಿ ಇಂಪೋರ್ಟ್ ಕೊಟ್ಟು ಆ ಫೈಲ್ ಆರಿಸಿದ್ರೆ ಬಂದಿದ್ದೆಲ್ಲ ಆವತ್ತಿನ ತಾರೀಖಿನ ಒಂದು ಲೇಬಲ್ ಕೆಳಗೆ ಕೂರುತ್ತೆ. ಎಡವಟ್ಟಾದ್ರೆ ಆ ಲೇಬಲ್‌ನಲ್ಲಿ ಇರೋದನ್ನಷ್ಟೇ ಅಳಿಸಿ ಮತ್ತೆ ಶುರು ಮಾಡಿ.

ಫೈಲು ಸಾಗಿಸೋದು

ಪೆನ್‌ಡ್ರೈವ್ ಸಾಕು ಅಂತ ಹೋದ್ರೆ ಆರು ಜಿಬಿ ಪಿಎಸ್‌ಟಿ ಹತ್ತಲೇ ಇಲ್ಲ, ಮೂವತ್ತೆರಡು ಜಿಬಿ ಖಾಲಿ ಇದೆ, ಆದ್ರೂ ಫೈಲು ದೊಡ್ಡದಾಯ್ತು ಅಂತಿದೆ. ಕಾರಣ ಪೆನ್‌ಡ್ರೈವು ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿತ್ತು, ಅದರಲ್ಲಿ ಒಂದು ಫೈಲು ನಾಲ್ಕು ಜಿಬಿ ದಾಟೋಹಾಗಿಲ್ಲ. ಅದರಲ್ಲಿರೋದನ್ನ ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್ ಇಲ್ಲಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ್ರೆ ಸರಿಯಾಗುತ್ತೆ. ಜಾಸ್ತಿ ಡೇಟಾ ಇದ್ರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೇ ವಾಸಿ. ಹಳೇ ಡೆಸ್ಕ್‌ಟಾಪಿನ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ ಮೂವತ್ತು ಎಂಬಿ ಸಿಕ್ಕಿದ್ರೆ ದೊಡ್ಡದು, ಅಂದ್ರೆ ನೂರು ಜಿಬಿಗೆ ಒಂದು ಗಂಟೆ, ಸಣ್ಣ ಸಣ್ಣ ಫೋಟೋ ಸಾವಿರಾರು ಇದ್ರೆ ಇನ್ನೂ ಜಾಸ್ತಿ. ಯುಪಿಎಸ್ ಬ್ಯಾಟರಿ ಸತ್ತಿದ್ರೆ ಮಳೆ ಗಾಳಿ ಇಲ್ಲದ ದಿನ ನೋಡ್ಕೊಂಡು ಈ ಕೆಲಸಕ್ಕೆ ಕೈ ಹಾಕಿ, ಕಾಪಿ ಆಗ್ತಿರುವಾಗ ಕರೆಂಟ್ ಹೋದ್ರೆ ಎಲ್ಲಿಗೆ ನಿಂತಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಕಮಾಂಡ್ ಪ್ರಾಂಪ್ಟ್ ಭಯ ಇಲ್ಲದೋರು ವಿಂಡೋಸ್ ಜೊತೆಗೇ ಬರೋ ರೋಬೊಕಾಪಿ ಬಳಸಿ, ಮಧ್ಯ ನಿಂತ್ರೂ ಅದೇ ಕಮಾಂಡ್ ಮತ್ತೆ ಕೊಟ್ರೆ ಆಗ್ಲೇ ಹೋಗಿರೋ ಫೈಲ್ ಬಿಟ್ಟು ಉಳಿದಿದ್ದು ಮಾತ್ರ ಕಾಪಿ ಮಾಡುತ್ತೆ. ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್ ಪ್ರಾಪರ್ಟೀಸ್ ತೆಗೆದು ಫೈಲ್‌ಗಳ ಸಂಖ್ಯೆ ತಾಳೆ ನೋಡಿ.

ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲು ಇರೋರು ಗಮನಿಸಿ. ಫೈಲ್ ಬಂದಿರುತ್ತೆ, ತೆಗೆದ್ರೆ ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಚಿತ್ರವಿಚಿತ್ರ ಚಿಹ್ನೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಹಳೇ ಕಂಪ್ಯೂಟರ್‌ನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಅಂತ ಶುರುವಾಗೋ ಫಾಂಟು, ಬಿಆರ್‌ಎಚ್ ಅಂತ ಶುರುವಾಗೋ ಬರಹದ ಫಾಂಟು ಎಲ್ಲಾ ಕಾಪಿ ಮಾಡ್ಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಚೆಕ್‌ರೋಲ್ ಎಕ್ಸೆಲ್‌ನಲ್ಲಿ ಆಳುಗಳ ಹೆಸರೂ ನುಡಿ ಫಾಂಟಲ್ಲೇ ಇತ್ತು, ರೈಟರ್ ನೋಡಿ ಗಾಬರಿ ಬಿದ್ದಿದ್ರು. ಪುರುಸೊತ್ತಾದಾಗ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಳಿ, ಅಸಲು ಫೈಲನ್ನ ಮಾತ್ರ ಇಟ್ಕೊಂಡಿರಿ, ಒತ್ತಕ್ಷರ ಅಲ್ಲಲ್ಲಿ ಕೆಡೋದುಂಟು.

ಇನ್ನೊಂದು, ಒಂದು ಎಕ್ಸೆಲ್ ಫೈಲು ಇನ್ನೊಂದರಿಂದ ಲೆಕ್ಕ ಎಳೀತಿದ್ರೆ ಅದು ಡಿ ಡ್ರೈವ್ ಅಂತಲೇ ನೆನಪಿಟ್ಕೊಂಡಿರುತ್ತೆ. ಹೊಸ ಲ್ಯಾಪ್‌ಟಾಪಲ್ಲಿ ಬರೀ ಸಿ ಇದ್ರೆ ಲಿಂಕ್ ಮುರಿಯುತ್ತೆ. ಡೇಟಾ ಮೆನುವಿನ ಎಡಿಟ್ ಲಿಂಕ್ಸ್‌ನಲ್ಲಿ ಹೊಸ ಜಾಗ ತೋರಿಸ್ಬಹುದು, ಇಲ್ಲಾ ನನ್ನ ಥರ ಸೋಮಾರಿ ಆದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಸ್ವಲ್ಪ ಕುಗ್ಗಿಸಿ ಡಿ ಅಂತ ಒಂದು ಮಾಡ್ಕೊಂಡು ಫೋಲ್ಡರ್‌ಗಳನ್ನ ಅದೇ ಹೆಸರಲ್ಲಿ ಇಟ್ಬಿಡಿ.

ಟ್ಯಾಲಿ ಡೇಟಾಗೆ ಅದರೊಳಗಿನ ಬ್ಯಾಕಪ್, ರಿಸ್ಟೋರ್ ಬಳಸಿ, ಲೈಸೆನ್ಸನ್ನ ಹಳೇದರಲ್ಲಿ ಸರೆಂಡರ್ ಮಾಡಿ ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಡಿಜಿಟಲ್ ಸಿಗ್ನೇಚರ್ ಟೋಕನ್‌ನಲ್ಲಿ ಕಾಪಿ ಮಾಡೋದು ಏನಿಲ್ಲ, ಡ್ರೈವರ್ ಹಾಕಿದ್ರೆ ಆಯ್ತು. ಕ್ರೋಮ್‌ನ ಬುಕ್‌ಮಾರ್ಕನ್ನ ಎಕ್ಸ್‌ಪೋರ್ಟ್ ಮಾಡ್ಕೊಳಿ, ಪಾಸ್‌ವರ್ಡನ್ನೂ ಸಿಎಸ್‌ವಿ ಮಾಡ್ಬಹುದು, ಆದ್ರೆ ಅದ್ರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಕೂಡ ಬಿಚ್ಚಿಟ್ಟ ಹಾಗೆ ಕಾಣುತ್ತೆ, ಇಂಪೋರ್ಟ್ ಆದ ತಕ್ಷಣ ಆ ಫೈಲ್ ಅಳಿಸಿ, ರಿಸೈಕಲ್ ಬಿನ್ನಿಂದಲೂ ಅಳಿಸಿ.

ಹಳೇದು ಆನ್ ಆಗ್ತಾನೇ ಇಲ್ಲ ಅಂದ್ರೆ

ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಹೋಗಿದ್ರೂ ಎಷ್ಟೋ ಸಲ ಡಿಸ್ಕ್ ಚೆನ್ನಾಗೇ ಇರುತ್ತೆ. ಅದನ್ನ ಬಿಚ್ಚಿ ಸಾಟಾ ಯುಎಸ್‌ಬಿ ಕೇಬಲ್ ಹಾಕಿ ಹೊಸದಕ್ಕೆ ಕನೆಕ್ಟ್ ಮಾಡಿ. ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿಗೆ ಕೇಬಲ್ ಒಂದೇ ಸಾಕು, ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಇರೋ ಕೇಬಲ್ಲೇ ಬೇಕು. ಯೂಸರ್ ಫೋಲ್ಡರ್ ತೆಗೆಯುವಾಗ ಪರ್ಮಿಷನ್ ಇಲ್ಲ ಅಂದ್ರೆ ಕಂಟಿನ್ಯೂ ಒತ್ತಿ ಸ್ವಲ್ಪ ಹೊತ್ತು ಕಾಯಿರಿ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಬೀಗ) ಆಗಿದ್ರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ನೋಡಿ, ಹೆಚ್ಚಿನಂಶ ಅಲ್ಲಿರುತ್ತೆ. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ರೆ ತಕ್ಷಣ ಆಫ್ ಮಾಡಿ, ಇನ್ನೊಂದ್ಸಲ ನೋಡಣ ಅಂತ ಮತ್ತೆ ಮತ್ತೆ ಹಾಕಿದಷ್ಟೂ ಕೆಡುತ್ತೆ, ಡೇಟಾ ರಿಕವರಿ ಮಾಡೋರ ಹತ್ರನೇ ಕೊಡಿ.

ಬಂದಿದ್ಯಾ ಅಂತ ನೋಡೋದು, ಹಳೇದನ್ನ ಏನು ಮಾಡೋದು

ಹೊಸದರಲ್ಲಿ ವೈಫೈ ಆಫ್ ಮಾಡಿ ಆಮೇಲೆ ಪರೀಕ್ಷೆ ಮಾಡಿ. ವಿಂಡೋಸ್ 11 ಎಷ್ಟೋ ಸಲ ಕೇಳದೇನೇ ಡೆಸ್ಕ್‌ಟಾಪು ಡಾಕ್ಯುಮೆಂಟ್ಸನ್ನ ಒನ್‌ಡ್ರೈವ್‌ಗೆ ಕಟ್ಟಿಹಾಕಿರುತ್ತೆ, ಫ್ರೀ ಇರೋದು 5 ಜಿಬಿ, ನಾವು ನಲವತ್ತು ಜಿಬಿ ಸುರಿದ್ರೆ ತುಂಬೋಯ್ತು ತುಂಬೋಯ್ತು ಅಂತ ದಿನಾ ಬಡ್ಕೊಳುತ್ತೆ, ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಅದನ್ನ ನಿಲ್ಲಿಸಿ. ಮೋಡದ ಗುರುತಿರೋ ಫೈಲು ನಿಮ್ಮ ಡಿಸ್ಕಲ್ಲಿ ಇಲ್ಲ, ನೆಟ್ ಇಲ್ಲದಾಗ ತೆಗೆದ್ರೆ ಗೊತ್ತಾಗುತ್ತೆ. ಮೇಲಲ್ಲಿ ಎಲ್ಲಕ್ಕಿಂತ ಹಳೇದೊಂದು, ನಡುವಿನದೊಂದು, ನಿನ್ನೆಯದೊಂದು ತೆಗೆದು ಅದರ ಅಟ್ಯಾಚ್‌ಮೆಂಟ್ ಓಪನ್ ಆಗುತ್ತಾ ನೋಡಿ. ಔಟ್‌ಲುಕ್‌ನಲ್ಲಿ ಸರ್ಚ್ ಮಾಡಿದ್ರೆ ಮೊದಲ ದಿನ ಏನೂ ಸಿಗದೇ ಇರಬಹುದು, ಇಂಡೆಕ್ಸ್ ಆಗೋಕೆ ಟೈಮ್ ಬೇಕು, ಗಾಬರಿ ಬೇಡ. ಆಮೇಲೆ ವೈಫೈ ಹಾಕಿ ನಿಮಗೇ ಒಂದು ಮೇಲ್ ಕಳಿಸಿ, ಹೋಗೋದು ಬರೋದು ಎರಡೂ ಪರೀಕ್ಷೆ ಆಗುತ್ತೆ.

ಹಳೇ ಡಿಸ್ಕನ್ನ ಕನಿಷ್ಠ ಒಂದು ಆಡಿಟ್ ಮುಗಿಯೋ ತನಕ ಇಟ್ಕೊಳಿ, ವರ್ಷಕ್ಕೊಂದ್ಸಲ ತೆಗೆಯೋ ಫೈಲ್ ನೆನಪಾಗೋದು ಆವಾಗ್ಲೇ. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿಯದ ಹಾಗೆ ಒಂದು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಆಮೇಲೆ ಗುಜರಿಗೆ ಹಾಕೋದಾದ್ರೆ ಸಾಟಾ ಕೇಬಲ್‌ನಲ್ಲಿ ಹೊಸದಕ್ಕೆ ಕನೆಕ್ಟ್ ಮಾಡಿ ಫಾರ್ಮ್ಯಾಟ್ ಕೊಡಿ, ಕ್ವಿಕ್ ಫಾರ್ಮ್ಯಾಟ್ ಅನ್ನೋ ಟಿಕ್ ತೆಗೆದು ಕೊಡಿ, ಆಗ ಪೂರ್ತಿ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತೆ, ಗಂಟೆಗಟ್ಲೆ ಹಿಡಿಯುತ್ತೆ. ಹಳೇ ಡಿಸ್ಕಲ್ಲಿ ಎರಡು ಪಾರ್ಟಿಷನ್ ಇದ್ರೆ ಎರಡಕ್ಕೂ ಕೊಡಿ. ಓಕೆ ಒತ್ತೋಕ್ ಮುಂಚೆ ಡ್ರೈವ್‌ನ ಅಕ್ಷರ, ಸೈಜು ಎರಡೂ ನೋಡಿ, ನೀವೀಗ ಡಿ ಅಂತ ಹೊಸದಾಗಿ ಒಂದು ಮಾಡ್ಕೊಂಡಿದ್ದೀರಿ, ಹಳೇದರಲ್ಲೂ ಡಿ ಅಂತಲೇ ಇತ್ತು.